ಮುಟ್ಟು ನಿಂತ ಮೇಲೆ ಮೂಳೆಯ ಆರೋಗ್ಯ ಮತ್ತು ಪೂರಕ ಮಾತ್ರೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಮತ್ತು ಮಂಡ್ಯದ ಕಡೆ ಐವತ್ತರ ಆಸುಪಾಸಿನ ಹೆಣ್ಣುಮಕ್ಕಳು ಮೂಳೆಯ ವಿಚಾರವಾಗಿ ಕೇಳುವ ಪ್ರಶ್ನೆಗಳು ಬಹುಪಾಲು ಮಾತ್ರೆಯಿಂದಲೇ ಶುರುವಾಗುತ್ತವೆ: ಯಾವ ಮಾತ್ರೆ, ದಿನಕ್ಕೆ ಎಷ್ಟು, ಎಷ್ಟು ವರ್ಷ. ಆದರೆ ಮಾತ್ರೆ ಬೇಕೇ ಬೇಡವೇ ಎಂಬುದನ್ನು ಮೊದಲು ಹೇಳಬೇಕಾದದ್ದು ಅವರು ದಿನವೂ ಉಣ್ಣುವ ಊಟ. ಊಟದಲ್ಲಿ ಕಡಿಮೆ ಬಿದ್ದದ್ದನ್ನು ತುಂಬಿಸುವುದಷ್ಟೇ ಪೂರಕ ಮಾತ್ರೆಯ ಕೆಲಸ. ಮೂಳೆ ಈಗಾಗಲೇ ಟೊಳ್ಳಾಗಿದ್ದರೆ ಅದಕ್ಕೆ ಬೇರೆಯೇ ಔಷಧಿಗಳಿವೆ. ಮುಂದಿನ ಉತ್ತರಗಳನ್ನು ಈ ಎರಡು ವಿಷಯಗಳನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಂಡು ಬರೆಯಲಾಗಿದೆ.

ಮುಟ್ಟು ನಿಂತ ಮೇಲೆ ಮೂಳೆ ಏಕೆ ಬೇಗ ಸೊರಗುತ್ತದೆ?

ಮೂಳೆಯಲ್ಲಿ ಹಳೆಯ ಭಾಗವನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಬದುಕಿನುದ್ದಕ್ಕೂ ಕೆಲಸ ಮಾಡುತ್ತಲೇ ಇರುತ್ತವೆ. ಸುಮಾರು 30ನೇ ವಯಸ್ಸಿನವರೆಗೆ ಕಟ್ಟುವ ಕೆಲಸದ ಕೈ ಮೇಲಾಗಿರುತ್ತದೆ. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನು ಕರಗಿಸುವ ಕೋಶಗಳನ್ನು ಹಿಡಿತದಲ್ಲಿಟ್ಟಿರುತ್ತದೆ. ಋತುಬಂಧದ ಹೊತ್ತಿಗೆ ಆ ಹಾರ್ಮೋನು ಕುಸಿಯುವುದರಿಂದ ಕರಗುವ ವೇಗ ಹೆಚ್ಚಿ, ಕಟ್ಟುವ ಕೆಲಸ ಅದರ ಹಿಂದೆ ಬೀಳುತ್ತದೆ. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಮೂತ್ರದಲ್ಲಿ ಹೊರಹೋಗುವುದು ಹೆಚ್ಚುತ್ತದೆ. ಮುಟ್ಟು ನಿಂತ ಮೊದಲ 5ರಿಂದ 7 ವರ್ಷಗಳಲ್ಲಿ ಮೂಳೆಯ ಸಾಂದ್ರತೆಯಲ್ಲಿ ಶೇಕಡ 20ರವರೆಗೂ ನಷ್ಟವಾಗಬಹುದು. ಈ ನಷ್ಟ ನೋವು ಕೊಡುವುದಿಲ್ಲ. ಬಚ್ಚಲಲ್ಲಿ ಜಾರಿ ಮುಂಗೈ ಊರಿದಾಗ ಮಣಿಕಟ್ಟು ಮುರಿದರೆ, ಅಥವಾ ನೀರಿನ ಬಿಂದಿಗೆ ಎತ್ತಿದಾಗ ಬೆನ್ನುಮೂಳೆ ಕುಸಿದರೆ, ಆಗ ಮೊದಲ ಸಲ ಗೊತ್ತಾಗುತ್ತದೆ.

ನನಗೆ 38ಕ್ಕೇ ಗರ್ಭಕೋಶ ತೆಗೆದಿದ್ದಾರೆ. ನನಗೂ ಇದು ಅನ್ವಯಿಸುತ್ತದೆಯೇ?

ಗರ್ಭಕೋಶ ಮಾತ್ರ ತೆಗೆದಿದ್ದಾರೆಯೇ, ಅಂಡಾಶಯಗಳನ್ನೂ ತೆಗೆದಿದ್ದಾರೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ನಮ್ಮ ಹಳ್ಳಿಗಳಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅನೇಕರಿಗೆ ಇದು ಗೊತ್ತೇ ಇರುವುದಿಲ್ಲ, ಏಕೆಂದರೆ ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಬಿಡುಗಡೆಯ ಚೀಟಿಯಲ್ಲಿ ಅದನ್ನು ಬರೆದಿರುತ್ತಾರೆ. ಆ ಚೀಟಿಯನ್ನು ಹುಡುಕಿ ತೆಗೆದು ವೈದ್ಯರಿಗೆ ತೋರಿಸಿ. ಎರಡೂ ಅಂಡಾಶಯಗಳನ್ನು ತೆಗೆದಿದ್ದರೆ ಈಸ್ಟ್ರೋಜನ್ ಒಂದೇ ದಿನದಲ್ಲಿ ನಿಂತಂತೆ, ಮೂಳೆಯ ನಷ್ಟವೂ ಅಂದಿನಿಂದಲೇ ಆರಂಭ. 45ಕ್ಕಿಂತ ಮೊದಲೇ ಹೀಗಾದವರಿಗೆ, ಸ್ತನ ಕ್ಯಾನ್ಸರ್‌ನಂತಹ ಅಡ್ಡಿಗಳು ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಚಿಕಿತ್ಸೆ ಕೊಡುವುದನ್ನು ಸ್ತ್ರೀರೋಗ ತಜ್ಞರು ಪರಿಶೀಲಿಸುತ್ತಾರೆ. ಇಂಥವರಿಗೆ ಕ್ಯಾಲ್ಸಿಯಂ ಮಾತ್ರೆಯೊಂದನ್ನೇ ಕೊಟ್ಟು ಕಳುಹಿಸಿದರೆ ಸಾಲದು. ನೀವೇ ಕೇಳಿ.

ದಿನಕ್ಕೆ ಎಷ್ಟು ಕ್ಯಾಲ್ಸಿಯಂ ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಲ್ಲಿ ವಯಸ್ಕ ಮಹಿಳೆಗೆ ದಿನಕ್ಕೆ 1000 ಮಿ.ಗ್ರಾಂ, ಮುಟ್ಟು ನಿಂತವರಿಗೆ 1200 ಮಿ.ಗ್ರಾಂ ಎಂದಿದೆ. ಇದು ಊಟ ಮತ್ತು ಮಾತ್ರೆ ಎರಡೂ ಸೇರಿದ ಲೆಕ್ಕ, 1200 ಮಿ.ಗ್ರಾಂ ಅನ್ನು ಮಾತ್ರೆಯಲ್ಲೇ ನುಂಗಬೇಕೆಂಬ ಅರ್ಥವಲ್ಲ. ಅಮೆರಿಕದ ಶಿಫಾರಸಿನಲ್ಲಿ ಐವತ್ತು ದಾಟಿದವರಿಗೆ ಎಲ್ಲ ಮೂಲಗಳೂ ಸೇರಿ ದಿನಕ್ಕೆ 2000 ಮಿ.ಗ್ರಾಂ ದಾಟಬಾರದು ಎಂಬ ಮೇಲ್ಮಿತಿಯೂ ಇದೆ.

ನಾವು ದಿನವೂ ರಾಗಿ ಮುದ್ದೆ ಉಣ್ಣುವವರು. ನಮಗೂ ಮಾತ್ರೆ ಬೇಕೇ?

ಇದು ಮಂಡ್ಯದ ಕಡೆಯಿಂದ ಬರುವ ಪ್ರಶ್ನೆ, ಮತ್ತು ಬಹಳ ಒಳ್ಳೆಯ ಪ್ರಶ್ನೆ. ಧಾನ್ಯಗಳಲ್ಲಿ ಕ್ಯಾಲ್ಸಿಯಂಗೆ ರಾಗಿಯ ಸಮಕ್ಕೆ ಬರುವುದು ಬೇರೊಂದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ ಹತ್ತು ಮಿ.ಗ್ರಾಂ ಕೂಡ ಸಿಕ್ಕುವುದು ಕಷ್ಟ. ಮಂಡ್ಯದ ವಿ.ಸಿ. ಫಾರಂನಲ್ಲಿ ಇಂಡಾಫ್ ತಳಿಗಳನ್ನು ರೂಪಿಸಿ ರಾಗಿಯ ಇಳುವರಿಯನ್ನು ಹೆಚ್ಚಿಸಿದ ರಾಗಿ ಲಕ್ಷ್ಮಣಯ್ಯನವರ ಕೆಲಸಕ್ಕೆ ಈ ಸೀಮೆಯ ಹೆಂಗಸರ ಮೂಳೆಗಳೂ ಋಣಿ ಎಂದರೆ ಹೆಚ್ಚಾಗಲಾರದು.

ಲೆಕ್ಕ ಹಾಕೋಣ. ಮಧ್ಯಮ ಗಾತ್ರದ ಮುದ್ದೆಗೆ 80 ಗ್ರಾಂ ಹಿಟ್ಟು ಎಂದುಕೊಂಡರೆ ಒಂದು ಮುದ್ದೆಯಲ್ಲಿ ಸುಮಾರು 290 ಮಿ.ಗ್ರಾಂ, ಎರಡು ಹೊತ್ತಿಗೆ 580 ಮಿ.ಗ್ರಾಂ. ಹುರುಳಿಕಾಳಿನ ಸಾರಿನಲ್ಲಿ ನಿಮ್ಮ ಪಾಲಿಗೆ 40 ಗ್ರಾಂ ಕಾಳು ಬಂದರೆ 100 ಮಿ.ಗ್ರಾಂ ದಾಟುತ್ತದೆ. ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ ಸುಮಾರು 200, ಟೀ ಕಾಫಿಗೆ ಬಳಸುವ 100 ಮಿ.ಲೀ. ಹಾಲಿನಲ್ಲಿ 120, ಎರಡು ಚಮಚ ಎಳ್ಳಿನ ಪುಡಿಯಲ್ಲಿ ನೂರಕ್ಕೂ ಮೇಲೆ. ಎಲ್ಲ ಸೇರಿದರೆ 1100 ಮಿ.ಗ್ರಾಂ ಹತ್ತಿರ ಬಂತು. ಹೀಗೆ ಉಣ್ಣುವ ಮಹಿಳೆಗೆ ಇನ್ನೊಂದು ಲೋಟ ಹಾಲು ಸೇರಿಸಿದರೆ ಸಾಕು. ಕ್ಯಾಲ್ಸಿಯಂ ಮಾತ್ರೆಯ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂನ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೋಷ್ಟಕದಲ್ಲಿರುವಷ್ಟೂ ದೇಹಕ್ಕೆ ಸೇರುವುದಿಲ್ಲ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ, ಅಥವಾ ಹಿಟ್ಟನ್ನು ಹುದುಗಿಸಿ ಅಂಬಲಿ ಮಾಡಿದರೆ, ಫೈಟೇಟ್ ಕಡಿಮೆಯಾಗುತ್ತದೆ. ಇನ್ನು, ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಕಾಳಿನ ಹೊರಸಿಪ್ಪೆಯ ಭಾಗದಲ್ಲಿ ಇರುವುದರಿಂದ, ಮುದ್ದೆ ನುಣುಪಾಗಲೆಂದು ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು ತೌಡನ್ನು ಎಸೆದರೆ ಬೇಕಾದದ್ದನ್ನೇ ಎಸೆದಂತಾಗುತ್ತದೆ.

ಮತ್ತೊಂದು ಮಾತು ಪೋಷಕಾಂಶದ್ದಲ್ಲ, ಮನೆಯದ್ದು. ಮೇಲಿನ ಲೆಕ್ಕ ನಿಜವಾಗಬೇಕಾದರೆ ಮೊಸರಿನ ಬಟ್ಟಲು ಆಕೆಯ ಎದುರಿಗೂ ಬರಬೇಕು. ಹಸು ಕಟ್ಟಿ, ಹಾಲು ಕರೆದು, ಅಷ್ಟನ್ನೂ ಡೈರಿಗೆ ಹಾಕಿ, ಉಳಿದದ್ದನ್ನು ಮಕ್ಕಳಿಗೂ ಗಂಡಸರಿಗೂ ಬಡಿಸಿ, ತಾನು ನೀರು ಮಜ್ಜಿಗೆಯಲ್ಲಿ ಊಟ ಮುಗಿಸುವ ತಾಯಂದಿರು ಎಷ್ಟೋ ಮಂದಿ. ಅಂಥ ಮನೆಗಳಲ್ಲಿ ಮಾತ್ರೆಗೆ ದುಡ್ಡು ಕೊಡುವ ಮೊದಲು ದಿನಕ್ಕೆ ಎರಡು ಲೋಟ ಹಾಲನ್ನು ಆಕೆಗಾಗಿ ತೆಗೆದಿಡಿ.

ನಮ್ಮದು ಅನ್ನ, ಇಡ್ಲಿ, ದೋಸೆಯ ಊಟ. ಆಗ?

ಮೈಸೂರು ನಗರದ ಅನೇಕ ಮನೆಗಳ ಸ್ಥಿತಿ ಇದು. ಅನ್ನ, ತೊಗರಿಬೇಳೆ ಸಾರು, ಪಲ್ಯ, ಎರಡು ಲೋಟ ಫಿಲ್ಟರ್ ಕಾಫಿ, ಕೊನೆಗೊಂದಿಷ್ಟು ಮೊಸರು ಎಂದು ಲೆಕ್ಕ ಹಾಕಿದರೆ 450ರಿಂದ 500 ಮಿ.ಗ್ರಾಂ ದಾಟುವುದು ಕಷ್ಟ. ಇಲ್ಲಿ ಕೊರತೆ ಸುಮಾರು 700 ಮಿ.ಗ್ರಾಂ. ಒಂದು ಹೊತ್ತು ರಾಗಿಗೆ ತಿರುಗಿದರೆ, ಒಂದು ಲೋಟ ಹಾಲು ಹೆಚ್ಚಿಸಿದರೆ, ನುಗ್ಗೆಸೊಪ್ಪು, ಎಳ್ಳು, ಹುರುಳಿಕಾಳನ್ನು ವಾರದ ಅಡುಗೆಗೆ ತಂದರೆ ಬಹುಪಾಲು ತುಂಬುತ್ತದೆ. ಅದು ಆಗದವರಿಗೆ ದಿನಕ್ಕೆ 500 ಮಿ.ಗ್ರಾಂನ ಒಂದು ಮಾತ್ರೆ ನ್ಯಾಯವಾದ ಪರಿಹಾರ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು ಮತ್ತು ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ.

ಸೊಪ್ಪುಗಳ ವಿಚಾರದಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ, ಮೂತ್ರಪಿಂಡದ ಕಲ್ಲಿಗೂ ಕಾರಣವಾಗುವ ಆಕ್ಸಲೇಟ್ ಎಂಬ ಅಂಶ ಬಹಳವಿರುವುದರಿಂದ ಅದರ ಕ್ಯಾಲ್ಸಿಯಂ ದೇಹಕ್ಕೆ ಸಿಕ್ಕುವುದು ತೀರ ಅಲ್ಪ. ಸೊಪ್ಪು ಬೇಯಿಸಿ ಬಸಿದಾಗ ಕರಗುವ ಆಕ್ಸಲೇಟ್ ನೀರಿಗೆ ಇಳಿಯುತ್ತದೆ. ಬಸ್ಸಾರು ಮಾಡುವಾಗ ನಾವು ಆ ನೀರನ್ನೇ ಬಳಸುತ್ತೇವಾದ್ದರಿಂದ ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ಪಾಲಕ್ ಮತ್ತು ದಂಟಿನ ಸೊಪ್ಪಿನ ಬಸ್ಸಾರನ್ನು ಮಿತವಾಗಿ ಉಣ್ಣುವುದು ಒಳ್ಳೆಯದು. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ, ಹಾಗಾಗಿ ಉಪ್ಪಿನಕಾಯಿ, ಹಪ್ಪಳ, ಉಪ್ಸಾರಿನ ಖಾರದಲ್ಲಿಯೂ ಕೈ ಹಿಡಿತವಿರಲಿ.

ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ತೆಗೆದುಕೊಂಡರೆ ಮೂಳೆ ಮುರಿಯುವುದಿಲ್ಲವೇ?

ಹಾಗೆಂದು ಭರವಸೆ ಕೊಡಲಾಗದು. ಈ ಪ್ರಶ್ನೆಗೆ ದೊಡ್ಡ ಅಧ್ಯಯನಗಳೇ ನಡೆದಿವೆ, ಮತ್ತು ಅವುಗಳ ಫಲಿತಾಂಶವನ್ನು ಓದುಗರು ನೇರವಾಗಿ ತಿಳಿಯುವುದು ಒಳ್ಳೆಯದು.

1992ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ ವೃದ್ಧಾಶ್ರಮಗಳಲ್ಲಿದ್ದ 3270 ಮಹಿಳೆಯರು ಇದ್ದರು. ಅವರ ಸರಾಸರಿ ವಯಸ್ಸು 84. ದಿನಕ್ಕೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು 800 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಘಟಕ) ವಿಟಮಿನ್ ಡಿ ಪಡೆದವರಲ್ಲಿ 18 ತಿಂಗಳ ಹೊತ್ತಿಗೆ ಸೊಂಟದ ಮೂಳೆ ಮುರಿತ ಶೇಕಡ 43ರಷ್ಟು ಕಡಿಮೆಯಾಯಿತು. ಆದರೆ 2006ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ, ಮುಟ್ಟು ನಿಂತ 36,282 ಮಹಿಳೆಯರಿಗೆ ಸುಮಾರು ಏಳು ವರ್ಷ 1000 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು 400 ಐಯು ವಿಟಮಿನ್ ಡಿ ಅಥವಾ ಹುಸಿ ಮಾತ್ರೆ ಕೊಟ್ಟು ಹೋಲಿಸಿದಾಗ, ಸಾಂದ್ರತೆ ಶೇಕಡ ಒಂದರಷ್ಟು ಉತ್ತಮವಾಯಿತೇ ಹೊರತು ಸೊಂಟದ ಮುರಿತ ಖಚಿತವಾಗಿ ಕಡಿಮೆಯಾಯಿತೆಂದು ಹೇಳಲಾಗಲಿಲ್ಲ. ಮೂತ್ರಪಿಂಡದ ಕಲ್ಲು ಮಾತ್ರ ಶೇಕಡ 17ರಷ್ಟು ಹೆಚ್ಚಿತು. ಅಲ್ಲಿಯೇ 25,871 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ದಿನಕ್ಕೆ 2000 ಐಯು ವಿಟಮಿನ್ ಡಿ ಪಡೆದ ಆರೋಗ್ಯವಂತರಲ್ಲಿ ಮುರಿತ ಕಡಿಮೆಯಾಗಲಿಲ್ಲ.

ಇವುಗಳಲ್ಲಿ ವಿರೋಧವಿಲ್ಲ. ಕೊರತೆ ಇದ್ದವರಿಗೆ, ವಯಸ್ಸು ಬಹಳವಾಗಿ ಬಿಸಿಲೂ ಊಟವೂ ಕಡಿಮೆಯಾದವರಿಗೆ ಪೂರಕ ಪ್ರಯೋಜನ ಕೊಟ್ಟಿತು; ಊಟದಿಂದಲೇ ಸಾಕಷ್ಟು ಪಡೆಯುತ್ತಿದ್ದವರಿಗೆ ಮೇಲಿನದ್ದು ಉಪಯೋಗಕ್ಕೆ ಬರಲಿಲ್ಲ. ಅಮೆರಿಕದ ಮಹಿಳೆಯರ ಊಟದಲ್ಲಿ ನಮಗಿಂತ ಹೆಚ್ಚು ಹಾಲಿನ ಪದಾರ್ಥಗಳಿರುವುದರಿಂದ ಅಲ್ಲಿನ ಫಲಿತಾಂಶವನ್ನು ಅನ್ನ ಮತ್ತು ಸಾರಿನ ಮೇಲೆ ಬದುಕುವವರಿಗೆ ಹಾಗೆಯೇ ಒಪ್ಪಿಸುವುದು ಸರಿಯಲ್ಲ. ಎಲ್ಲರಿಗೂ ಮಾತ್ರೆ ಬೇಕು ಎಂಬುದೂ ಯಾರಿಗೂ ಬೇಡ ಎಂಬುದೂ ತಪ್ಪು ಎಂದೇ ನನ್ನ ಅಭಿಪ್ರಾಯ.

ಮೆಡಿಕಲ್ ಶಾಪಿನಲ್ಲಿ ಕಾರ್ಬೊನೇಟ್, ಸಿಟ್ರೇಟ್ ಎಂದು ಬೇರೆ ಬೇರೆ ಕೊಡುತ್ತಾರೆ. ಯಾವುದು ಒಳ್ಳೆಯದು?

ಕ್ಯಾಲ್ಸಿಯಂ ಕಾರ್ಬೊನೇಟ್ ಅಗ್ಗ, ಅದರ ತೂಕದಲ್ಲಿ ಶೇಕಡ 40 ಕ್ಯಾಲ್ಸಿಯಂ. ಹಾಗಾಗಿ 1250 ಮಿ.ಗ್ರಾಂ ಕಾರ್ಬೊನೇಟ್ ಎಂದು ಬರೆದ ಮಾತ್ರೆಯಲ್ಲಿ ದೇಹಕ್ಕೆ ಲೆಕ್ಕವಾಗುವುದು 500 ಮಿ.ಗ್ರಾಂ. ಅದು ಕರಗಲು ಹೊಟ್ಟೆಯ ಆಮ್ಲ ಬೇಕಾದ್ದರಿಂದ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಸಿಟ್ರೇಟ್‌ನಲ್ಲಿ ಶೇಕಡ 21ರಷ್ಟೇ ಕ್ಯಾಲ್ಸಿಯಂ ಇರುತ್ತದೆ, ಬೆಲೆಯೂ ಹೆಚ್ಚು. ಆದರೆ ಬರಿ ಹೊಟ್ಟೆಯಲ್ಲೂ ನಡೆಯುತ್ತದೆ, ಮಲಬದ್ಧತೆ ಕಡಿಮೆ, ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆಯನ್ನು ದಿನವೂ ನುಂಗುವವರಿಗೆ ಇದೇ ಸೂಕ್ತ. ಉಳಿದವರಿಗೆ ಜನೌಷಧಿ ಕೇಂದ್ರದಲ್ಲಿ ಸಿಕ್ಕುವ ಸಾಧಾರಣ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಮಾತ್ರೆ ಸಾಕು. ಹವಳದ ಕ್ಯಾಲ್ಸಿಯಂ ಎಂದು ದುಬಾರಿಗೆ ಮಾರುವುದೂ ಮೂಲತಃ ಕಾರ್ಬೊನೇಟೇ.

ಒಂದು ಹೊತ್ತಿಗೆ 500 ಮಿ.ಗ್ರಾಂಗಿಂತ ಹೆಚ್ಚು ಬೇಡ, ಏಕೆಂದರೆ ಪ್ರಮಾಣ ಹೆಚ್ಚಿದಂತೆ ಕರುಳು ಹೀರುವ ಪಾಲು ಇಳಿಯುತ್ತದೆ. ಚೀಟಿಯಲ್ಲಿ ಕ್ಯಾಲ್ಸಿಟ್ರಿಯಾಲ್ ಎಂಬ ಹೆಸರು ಕಂಡರೆ ನುಂಗುವ ಮೊದಲು ವೈದ್ಯರನ್ನು ಕೇಳಿ. ಅದು ವಿಟಮಿನ್ ಡಿಯ ಸಕ್ರಿಯ ರೂಪ. ಮೂತ್ರಪಿಂಡದ ಕಾಯಿಲೆಯಂತಹ ನಿರ್ದಿಷ್ಟ ಸಂದರ್ಭಗಳಿಗೆ ಮೀಸಲಾದದ್ದು, ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಬಲ್ಲದ್ದು, ಆದರೂ ಸಾಮಾನ್ಯ ಪೂರಕ ಮಾತ್ರೆಗಳಲ್ಲಿ ಅದನ್ನು ಬೆರೆಸಿ ಮಾರುವುದುಂಟು.

ಥೈರಾಯ್ಡ್, ಬಿಪಿ ಮಾತ್ರೆಗಳ ಜೊತೆ ತೆಗೆದುಕೊಳ್ಳಬಹುದೇ?

ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನುಂಗಿ, ಕನಿಷ್ಠ ನಾಲ್ಕು ಗಂಟೆ ಬಿಟ್ಟು ಕ್ಯಾಲ್ಸಿಯಂ ತೆಗೆದುಕೊಳ್ಳಿ. ಎರಡನ್ನೂ ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆಯಾದರೂ ಇರಲಿ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂತಹ ಪ್ರತಿಜೈವಿಕಗಳನ್ನೂ ಹೀಗೆಯೇ ದೂರವಿಡಬೇಕು. ಬಿಪಿಯ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಝೈಡ್ ಅಥವಾ ಕ್ಲೋರ್ಥಾಲಿಡೋನ್ ಬೆರೆತಿದ್ದರೆ ಅದು ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದನ್ನು ತಡೆಯುತ್ತದೆ. ಮೇಲಿಂದ ಹೆಚ್ಚು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಸೇರಿದರೆ ರಕ್ತದ ಕ್ಯಾಲ್ಸಿಯಂ ಮಿತಿ ಮೀರಬಹುದು. ರಕ್ತ ತಿಳಿಯಾಗಿಸಲು ವಾರ್ಫರಿನ್ ಅಥವಾ ಅಸಿಟ್ರಾಮ್ ತೆಗೆದುಕೊಳ್ಳುವವರು ವಿಟಮಿನ್ ಕೆ2 ಬೆರೆತ ಮೂಳೆ ಮಾತ್ರೆಯನ್ನು ವೈದ್ಯರಿಗೆ ತಿಳಿಸದೆ ಮುಟ್ಟಲೇಬಾರದು, ಏಕೆಂದರೆ ವಿಟಮಿನ್ ಕೆ ಆ ಔಷಧಿಯ ಕೆಲಸಕ್ಕೆ ನೇರವಾಗಿ ಅಡ್ಡ ಬರುತ್ತದೆ.

ಕ್ಯಾಲ್ಸಿಯಂ ಮಾತ್ರೆಯಿಂದ ಹೃದಯಕ್ಕೆ ತೊಂದರೆ ಎಂದು ಕೇಳಿದ್ದೇನೆ.

2010ರಲ್ಲಿ ನ್ಯೂಜಿಲೆಂಡಿನ ಸಂಶೋಧಕರ ತಂಡವೊಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ, ಕ್ಯಾಲ್ಸಿಯಂ ಮಾತ್ರೆ ಪಡೆದವರಲ್ಲಿ ಹೃದಯಾಘಾತ ಸುಮಾರು ಶೇಕಡ 30ರಷ್ಟು ಹೆಚ್ಚು ಎಂದಿತು. ನಂತರ 2016ರಲ್ಲಿ ಅಮೆರಿಕದ ಮೂಳೆ ಮತ್ತು ಹೃದಯ ತಜ್ಞರ ಸಂಘಗಳು ಮೇಲ್ಮಿತಿಯೊಳಗಿನ ಕ್ಯಾಲ್ಸಿಯಂ ಅನ್ನು ಹೃದಯದ ಮಟ್ಟಿಗೆ ಸುರಕ್ಷಿತವೆಂದೇ ಪರಿಗಣಿಸಬೇಕು ಎಂದವು. ಊಟದ ಕ್ಯಾಲ್ಸಿಯಂ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ. ಕಲ್ಲಿನ ವಿಷಯದಲ್ಲಿಯೂ ಹಾಗೆಯೇ: ಊಟದೊಳಗಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುವುದರಿಂದ ಕಲ್ಲನ್ನು ತಡೆಯಲು ನೆರವಾಗುತ್ತದೆ. ಕಲ್ಲು ಇದೆಯೆಂದು ಹಾಲು ಮೊಸರು ಬಿಡುವವರು ತಮಗೆ ತಾವೇ ಎರಡು ಬಗೆಯ ಕೇಡು ಮಾಡಿಕೊಳ್ಳುತ್ತಾರೆ.

ಎಳೆಬಿಸಿಲಿನಲ್ಲಿ ಕೂತರೆ ವಿಟಮಿನ್ ಡಿ ಸಿಕ್ಕುತ್ತದೆಯೇ?

ಬಹಳ ಕಡಿಮೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ನೇರಳಾತೀತ ಕಿರಣಗಳು ಬೆಳಗಿನ ಮತ್ತು ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ವಾತಾವರಣದಲ್ಲೇ ಸೋಸಿಹೋಗುತ್ತವೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತು, ಎಂದರೆ ಸುಮಾರು ಹತ್ತೂವರೆಯಿಂದ ಎರಡೂವರೆಯ ನಡುವೆ, ತೋಳು ಮತ್ತು ಕಾಲುಗಳ ಮೇಲೆ ಹದಿನೈದು ಇಪ್ಪತ್ತು ನಿಮಿಷ ಬಿಸಿಲು ಬೀಳಬೇಕು. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ. ನಮ್ಮ ಗಾಢ ಬಣ್ಣದ ಚರ್ಮಕ್ಕೆ ಬಿಳಿ ಚರ್ಮದವರಿಗಿಂತ ಹೆಚ್ಚು ಹೊತ್ತು ಬೇಕು, ವಯಸ್ಸಾದಂತೆ ಚರ್ಮದ ಶಕ್ತಿಯೂ ಕುಗ್ಗುತ್ತದೆ. ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುವ ಮಹಿಳೆಗೂ ಮೈಸೂರಿನಲ್ಲಿ ಮನೆಯೊಳಗೇ ದಿನ ಕಳೆಯುವವರಿಗೂ ಇಲ್ಲಿ ದೊಡ್ಡ ಅಂತರವಿದೆ. ಆಹಾರದಲ್ಲಿ ವಿಟಮಿನ್ ಡಿ ಅಪರೂಪ: ಮೊಟ್ಟೆಯ ಹಳದಿ, ಕೊಬ್ಬಿನ ಮೀನು ಇಷ್ಟೇ. ಪ್ಯಾಕೆಟ್ಟಿನ ಮೇಲೆ ಪ್ಲಸ್ ಎಫ್ ಗುರುತಿರುವ ಹಾಲಿನಲ್ಲಿ ಲೀಟರಿಗೆ 200ರಿಂದ 300 ಐಯು ಬೆರೆಸಿರುತ್ತಾರೆ, ಎಂದರೆ ಲೋಟಕ್ಕೆ 50 ಐಯು ಆಸುಪಾಸು. ಬೇಕಾದದ್ದು ದಿನಕ್ಕೆ 600 ಐಯು, ಅರವತ್ತು ದಾಟಿದವರಿಗೆ 800 ಐಯು.

ವಾರಕ್ಕೊಂದು ವಿಟಮಿನ್ ಡಿಯ 60,000ದ ಪುಡಿಯನ್ನು ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ. ಮುಂದುವರಿಸಲೇ?

ಇಂದೇ ನಿಲ್ಲಿಸಿ, ರಕ್ತದಲ್ಲಿ ಕ್ಯಾಲ್ಸಿಯಂ, ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ಮತ್ತು ವಿಟಮಿನ್ ಡಿ ಮಟ್ಟವನ್ನು ನೋಡಿಸಿ. 60,000 ಐಯುವಿನ ಪೊಟ್ಟಣವನ್ನು ವಾರಕ್ಕೊಂದರಂತೆ ಸಾಮಾನ್ಯವಾಗಿ ಎಂಟು ವಾರ ಕೊಡುವುದು ಕೊರತೆಯನ್ನು ತುಂಬಲು. ಆಮೇಲೆ ತಿಂಗಳಿಗೊಂದು ಅಥವಾ ದಿನಕ್ಕೆ ಸಣ್ಣ ಪ್ರಮಾಣಕ್ಕೆ ಇಳಿಸಬೇಕು. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಮತ್ತೆ ಮತ್ತೆ ತರುವುದು ನಮ್ಮಲ್ಲಿ ತೀರ ಸಾಮಾನ್ಯವಾಗಿದೆ, ಮತ್ತು ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಆತಂಕಕ್ಕೆ ತಳ್ಳುವುದು ಇದೇ. ವಿಟಮಿನ್ ಡಿ ಕೊಬ್ಬಿನಲ್ಲಿ ಶೇಖರವಾಗುತ್ತದೆ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುವುದಿಲ್ಲ. ರಕ್ತದ ಕ್ಯಾಲ್ಸಿಯಂ ಏರಿದಾಗ ಬಾಯಾರಿಕೆ, ಪದೇ ಪದೇ ಮೂತ್ರ, ವಾಕರಿಕೆ, ಮಲಬದ್ಧತೆ, ಮಂಪರು ಕಾಣಿಸಿಕೊಂಡು ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು.

ಒಟ್ಟಿಗೆ ದೊಡ್ಡ ಪ್ರಮಾಣ ಕೊಟ್ಟರೆ ಮೂಳೆಗೆ ಒಳ್ಳೆಯದು ಎಂಬ ನಂಬಿಕೆಯೂ ಸುಳ್ಳಾಗಿದೆ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2256 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ವರ್ಷಕ್ಕೊಮ್ಮೆ 5 ಲಕ್ಷ ಐಯು ಕೊಟ್ಟು ನೋಡಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಅವರು ಬೀಳುವುದೂ ಹೆಚ್ಚಿತು, ಮೂಳೆ ಮುರಿಯುವುದೂ ಹೆಚ್ಚಿತು. ರಕ್ತದಲ್ಲಿ ವಿಟಮಿನ್ ಡಿ ಮಟ್ಟ ಮಿಲಿಲೀಟರಿಗೆ 20 ನ್ಯಾನೋಗ್ರಾಂ ದಾಟಿದ್ದರೆ ಬಹುಪಾಲು ಜನರ ಮೂಳೆಗೆ ಅದು ಸಾಕು. ಅಂಕಿಯನ್ನು ಅರವತ್ತಕ್ಕೋ ಎಂಬತ್ತಕ್ಕೋ ಏರಿಸುವ ಪೈಪೋಟಿ ಬೇಕಿಲ್ಲ.

ಕೆ2, ಮೆಗ್ನೀಷಿಯಂ, ಸತು, ಕೊಲಾಜೆನ್ ಇರುವ ದುಬಾರಿ ಮಾತ್ರೆ, ಪುಡಿಗಳು?

ಮೆಗ್ನೀಷಿಯಂ, ಸತು ಎರಡೂ ರಾಗಿ, ಕಾಳು, ಎಳ್ಳಿನಲ್ಲಿ ಬೇಕಾದಷ್ಟಿವೆ. ಕೆ2 ಸೇರಿಸಿದರೆ ಮುರಿತ ತಪ್ಪುತ್ತದೆಂದು ದೊಡ್ಡ ಪ್ರಯೋಗಗಳಲ್ಲಿ ಸ್ಥಿರಪಟ್ಟಿಲ್ಲ. ಕೊಲಾಜೆನ್ ಪುಡಿಯಿಂದ ಸಾಂದ್ರತೆ ಸ್ವಲ್ಪ ಉತ್ತಮವಾಯಿತೆಂಬ ಸಣ್ಣ ಅಧ್ಯಯನಗಳಿವೆ, ಮುರಿತ ಕಡಿಮೆಯಾದದ್ದನ್ನು ತೋರಿಸಿದವು ಇಲ್ಲ. ಡಬ್ಬಿಯ ಮೇಲೆ ಔಷಧೀಯ ಬಳಕೆಗಲ್ಲ ಎಂಬ ಸಾಲನ್ನು ಹುಡುಕಿ ಓದಿ. ಆಹಾರ ಪೂರಕವೆಂದು ಮಾರುವ ಪ್ರತಿ ಡಬ್ಬಿಯ ಮೇಲೂ ಕಾನೂನಿನಂತೆ ಅದು ಇರಬೇಕು. ಆ ಡಬ್ಬಿಯ ದುಡ್ಡಿನಲ್ಲಿ ತಿಂಗಳಿಡೀ ಹಾಲು, ಮೊಟ್ಟೆ ಬರುತ್ತದೆ.

ಗೋಧಿ ಕಾಳಿನಷ್ಟು ಸುಣ್ಣ ತಿಂದರೆ ಕ್ಯಾಲ್ಸಿಯಂ ಸಿಕ್ಕುತ್ತದಂತೆ. ನಿಜವೇ?

ಗೋಧಿ ಕಾಳಿನ ತೂಕ ಸುಮಾರು 40 ಮಿ.ಗ್ರಾಂ. ಅಷ್ಟು ಸುಣ್ಣದಲ್ಲಿ ಕ್ಯಾಲ್ಸಿಯಂ 20 ಮಿ.ಗ್ರಾಂ ಆಸುಪಾಸು, ಎಂದರೆ ಮೂರು ಸಣ್ಣ ಚಮಚ ಹಾಲಿಗಿಂತ ಸ್ವಲ್ಪ ಹೆಚ್ಚು. ಅದಕ್ಕಿಂತ ಹೆಚ್ಚು ತಿಂದರೆ ಬಾಯಿ, ಅನ್ನನಾಳ ಸುಡುತ್ತದೆ. ಎಲೆ ಅಡಿಕೆಯ ನೆಪಕ್ಕೆ ಈ ಕಾರಣವನ್ನು ಕೊಡುವುದಂತೂ ಬೇಡ. ಅಡಿಕೆ ಬಾಯಿ ಕ್ಯಾನ್ಸರಿಗೆ ಕಾರಣವೆಂಬುದು ಖಚಿತವಾಗಿದೆ. ಮಂಗರವಳ್ಳಿಯ ಚಟ್ನಿಯನ್ನು ಅಡುಗೆಯಾಗಿ ತಿನ್ನಲು ಅಡ್ಡಿಯಿಲ್ಲ, ಮೂಳೆ ಟೊಳ್ಳಾದದ್ದಕ್ಕೆ ಅದೇ ಚಿಕಿತ್ಸೆ ಎಂದು ನೆಚ್ಚಿಕೊಳ್ಳಬಾರದು.

ಮಂಡಿ ನೋವಿಗೆ ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದೇನೆ, ನೋವು ಹೋಗಿಲ್ಲ.

ಮಂಡಿ ನೋವು ಸಾಮಾನ್ಯವಾಗಿ ಕೀಲಿನ ಮೃದ್ವಸ್ಥಿ ಸವೆಯುವುದರಿಂದ ಬರುತ್ತದೆ, ಅದಕ್ಕೆ ಕ್ಯಾಲ್ಸಿಯಂ ಮದ್ದಲ್ಲ. ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಮತ್ತು ತೂಕ ಇಳಿಸುವುದು ಅದಕ್ಕೆ ನೆರವಾಗುತ್ತದೆ. ಇಡೀ ಮೈಮೂಳೆ ನೋವು, ಕೂತಲ್ಲಿಂದ ಏಳಲು ತೊಡೆಗಳಲ್ಲಿ ಶಕ್ತಿ ಸಾಲದಿರುವುದು ಇದ್ದರೆ ಮಾತ್ರ ವಿಟಮಿನ್ ಡಿ ಕೊರತೆಯನ್ನು ಅನುಮಾನಿಸಿ ಪರೀಕ್ಷಿಸಬೇಕು.

ಪ್ರೋಟೀನ್‌ಗೂ ಮೂಳೆಗೂ ಏನು ಸಂಬಂಧ?

ಮೂಳೆಯ ಗಾತ್ರದ ಅರ್ಧದಷ್ಟು ಪ್ರೋಟೀನೇ. ಅದಲ್ಲದೆ ಬೀಳದಂತೆ ಹಿಡಿದು ನಿಲ್ಲಿಸುವ ಸ್ನಾಯುಗಳಿಗೂ ಅದೇ ಬೇಕು. ವಯಸ್ಸಾದ ಮೇಲೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1 ಗ್ರಾಂ ಇರಬೇಕು, 55 ಕಿಲೋ ತೂಕದವರಿಗೆ 55 ಗ್ರಾಂ. ಮುದ್ದೆಯ ಜೊತೆ ಬರಿ ಸೊಪ್ಪಿನ ಸಾರಾದರೆ ಇದು ತುಂಬುವುದಿಲ್ಲ. ಕಾಳು, ಮೊಟ್ಟೆ, ಮೊಸರು, ತಿನ್ನುವವರಾದರೆ ಮೀನು ಕೋಳಿ, ಒಂದಲ್ಲ ಒಂದು ಪ್ರತಿ ಊಟದಲ್ಲೂ ಇರಲಿ.

ನಮ್ಮೂರಿನದು ಕೊಳವೆಬಾವಿಯ ನೀರು. ಅದರಿಂದ ಮೂಳೆಗೆ ತೊಂದರೆಯಿದೆಯೇ?

ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದರ ಮೇಲೆ. ಲೀಟರಿಗೆ 1 ಮಿ.ಗ್ರಾಂ ಒಳಗೆ ಇರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಬೆನ್ನು ಮತ್ತು ಕೀಲುಗಳು ಬಿಗಿಯುತ್ತವೆ. ಫ್ಲೋರೈಡ್ ಸೇರಿದ ಮೂಳೆ ಪರೀಕ್ಷೆಯಲ್ಲಿ ದಟ್ಟವಾಗಿ ಕಂಡರೂ ಗಟ್ಟಿಯಿರುವುದಿಲ್ಲ. 1990ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫ್ಲೋರೈಡನ್ನೇ ಔಷಧಿಯಾಗಿ ಕೊಟ್ಟಾಗ ಬೆನ್ನುಮೂಳೆಯ ಸಾಂದ್ರತೆ ಶೇಕಡ 35ರಷ್ಟು ಏರಿತು, ಆದರೆ ಬೆನ್ನುಮೂಳೆ ಬಿಟ್ಟು ಉಳಿದ ಕಡೆ ಮುರಿತಗಳು ಹೆಚ್ಚಿದವು. ಇಂಥ ಊರುಗಳಲ್ಲಿ ನೀರನ್ನು ಪರೀಕ್ಷೆ ಮಾಡಿಸುವಂತೆ ಗ್ರಾಮ ಪಂಚಾಯಿತಿಯನ್ನು ಕೇಳಿ, ಕುಡಿಯುವುದಕ್ಕೂ ಅಡುಗೆಗೂ ನದಿ ಮೂಲದ ಅಥವಾ ಶುದ್ಧೀಕರಿಸಿದ ನೀರನ್ನೇ ಬಳಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಉಚಿತ ಶಿಬಿರದಲ್ಲಿ ಹಿಮ್ಮಡಿ ಇಟ್ಟು ನೋಡಿ ಮೂಳೆ ಟೊಳ್ಳಾಗಿದೆ ಎಂದರು. ನಂಬಬಹುದೇ?

ಹಿಮ್ಮಡಿಯ ಅಲ್ಟ್ರಾಸೌಂಡ್ ಒಂದು ಸೂಚನೆ ಮಾತ್ರ, ಅದರ ಮೇಲೆ ರೋಗವನ್ನು ನಿರ್ಧರಿಸುವಂತಿಲ್ಲ. ನಿರ್ಧಾರಕ್ಕೆ ಬೇಕಾದದ್ದು ಸೊಂಟ ಮತ್ತು ಬೆನ್ನಿನ ಮೂಳೆಯ ಸಾಂದ್ರತೆಯನ್ನು ಅಳೆಯುವ ಡೆಕ್ಸಾ ಸ್ಕ್ಯಾನ್. ಅದರಲ್ಲಿ ಬರುವ ಟಿ-ಸ್ಕೋರ್ ಮೈನಸ್ 1ಕ್ಕಿಂತ ಮೇಲಿದ್ದರೆ ಸಹಜ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಸಾಂದ್ರತೆ ಕಡಿಮೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಎಂದರೆ ಮೂಳೆ ಟೊಳ್ಳಾಗುವ ರೋಗ. ಮೈಸೂರಿನ ಆಸ್ಪತ್ರೆಗಳಿಗೆ ಊರಿಂದ ಬರುವವರು ಡೆಕ್ಸಾ ಯಂತ್ರ ಇದೆಯೇ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿಕೊಂಡು ಹೊರಡಿ. ಮುಟ್ಟು ಬೇಗ ನಿಂತವರು, ಸಣ್ಣ ಪೆಟ್ಟಿಗೆ ಮೂಳೆ ಮುರಿದವರು, ತಾಯಿಗೆ ಸೊಂಟ ಮುರಿದಿದ್ದವರು, ಆಸ್ತಮಾಕ್ಕೋ ಸಂಧಿವಾತಕ್ಕೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದವರು ಸಾಮಾನ್ಯವಾಗಿ ಈ ಸ್ಕ್ಯಾನ್‌ಗೆ ಹೇಳುವ 65 ವರ್ಷದವರೆಗೆ ಕಾಯಬಾರದು.

ಆಸ್ಟಿಯೋಪೊರೋಸಿಸ್ ಇದೆ ಎಂದು ಖಚಿತವಾಯಿತು. ಕ್ಯಾಲ್ಸಿಯಂ ಹೆಚ್ಚಿಸಿದರೆ ಸಾಕೇ?

ಸಾಲದು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೋನೇಟ್, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಝೋಲೆಡ್ರೋನಿಕ್ ಆಮ್ಲ ಇವೆ. 2007ರ ಪ್ರಯೋಗದಲ್ಲಿ ಝೋಲೆಡ್ರೋನಿಕ್ ಆಮ್ಲ ಮೂರು ವರ್ಷಗಳಲ್ಲಿ ಬೆನ್ನುಮೂಳೆಯ ಮುರಿತವನ್ನು ಶೇಕಡ 70ರಷ್ಟು, ಸೊಂಟದ ಮುರಿತವನ್ನು ಶೇಕಡ 41ರಷ್ಟು ಇಳಿಸಿತು. ಬೆನ್ನುಮೂಳೆಯ ಮುರಿತವನ್ನು ಇಷ್ಟು ಇಳಿಸಿದ ಪೂರಕ ಮಾತ್ರೆ ಯಾವುದೂ ಇಲ್ಲ. ಈ ಔಷಧಿ ಕೊಡುವ ಮೊದಲು ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಸರಿಯಿರಬೇಕು, ಪೂರಕಕ್ಕೆ ಇಲ್ಲಿ ನಿಜವಾದ ಪಾತ್ರವಿದೆ. ಅಲೆಂಡ್ರೋನೇಟನ್ನು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಒಂದು ಲೋಟ ಬರಿ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗದೆ ಕೂತಿರಬೇಕು ಅಥವಾ ನಿಂತಿರಬೇಕು. ಕಾಫಿ, ಕ್ಯಾಲ್ಸಿಯಂ ಎಲ್ಲ ಆಮೇಲೆ. ಆರು ತಿಂಗಳಿಗೊಮ್ಮೆ ಕೊಡುವ ಡೆನೋಸುಮಾಬ್ ಚುಚ್ಚುಮದ್ದನ್ನು ಶುರು ಮಾಡಿದ ಮೇಲೆ ಸುಮ್ಮನೆ ಬಿಟ್ಟುಬಿಡಬಾರದು: ನಿಲ್ಲಿಸಿದರೆ ಮೂಳೆ ವೇಗವಾಗಿ ಕರಗಿ ಬೆನ್ನುಮೂಳೆಗಳು ಕುಸಿಯುವ ಅಪಾಯವಿದೆ. ದುಡ್ಡಿನ ತೊಂದರೆ ಇದ್ದರೆ ಶುರುವಿಗೆ ಮುಂಚೆಯೇ ವೈದ್ಯರಿಗೆ ಹೇಳಿ, ಬೇರೆ ಔಷಧಿ ಆರಿಸಲು ಅವಕಾಶವಾಗುತ್ತದೆ.

ದಿನವೂ ನಡೆದರೆ ಮೂಳೆ ಗಟ್ಟಿಯಾಗುತ್ತದೆಯೇ?

ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವುದು ಹೃದಯಕ್ಕೂ ಮನಸ್ಸಿಗೂ ಒಳ್ಳೆಯದು, ಆದರೆ ಮೂಳೆಗೆ ನಡಿಗೆಯೊಂದೇ ಸಾಲದು. ಮೂಳೆ ಪ್ರತಿಕ್ರಿಯಿಸುವುದು ಭಾರಕ್ಕೆ: ಮೆಟ್ಟಿಲು ಹತ್ತುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ತೂಕ ಎತ್ತುವುದು. 2018ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಸಾಂದ್ರತೆ ಕಡಿಮೆಯಿದ್ದ ಮಹಿಳೆಯರು ತರಬೇತುದಾರರ ಕಣ್ಗಾವಲಿನಲ್ಲಿ ವಾರಕ್ಕೆ ಎರಡು ಸಲ ಭಾರ ಎತ್ತಿದಾಗ ಎಂಟು ತಿಂಗಳಲ್ಲಿ ಬೆನ್ನಿನ ಸಾಂದ್ರತೆ ಶೇಕಡ 3ರ ಹತ್ತಿರ ಏರಿತು. ಬೆನ್ನುಮೂಳೆ ಕುಸಿದವರು ಮಾತ್ರ ಮುಂದಕ್ಕೆ ಬಗ್ಗುವ ಆಸನಗಳನ್ನು ಬಿಟ್ಟು ಫಿಸಿಯೋಥೆರಪಿಸ್ಟ್ ಹೇಳಿದಂತೆ ನಡೆಯಬೇಕು. ಮನೆಯೊಳಗೆ ಬಚ್ಚಲಿಗೆ ಹಿಡಿಕೆ, ರಾತ್ರಿ ದೀಪ, ಜಾರದ ಚಪ್ಪಲಿ ಇವುಗಳಿಗೆ ಹಾಕುವ ದುಡ್ಡು ಮಾತ್ರೆಗೆ ಹಾಕುವುದಕ್ಕಿಂತ ಕಡಿಮೆ ಮುಖ್ಯವಲ್ಲ.

ವೈದ್ಯರ ಬಳಿ ಯಾವಾಗ ಹೋಗಬೇಕು, ಏನನ್ನು ಒಯ್ಯಬೇಕು?

ಎತ್ತರ ಮೂರು ನಾಲ್ಕು ಸೆಂಟಿಮೀಟರ್ ಕಡಿಮೆಯಾಗಿದ್ದರೆ, ಬೆನ್ನು ಗೂನಾಗುತ್ತಿದ್ದರೆ, ಏಕಾಏಕಿ ಬೆನ್ನಿನ ಒಂದೇ ಜಾಗದಲ್ಲಿ ಕಡು ನೋವು ಬಂದರೆ, ನಿಂತಲ್ಲೇ ಬಿದ್ದು ಮೂಳೆ ಮುರಿದಿದ್ದರೆ ತಡ ಮಾಡಬೇಡಿ. ಮುರಿತಕ್ಕೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವರು, ಮೂಳೆ ಮುರಿಯಲು ಕಾರಣವೇನು ಎಂಬುದನ್ನೂ ನೋಡಿ ಎಂದು ಕೇಳಿಕೊಳ್ಳಬೇಕು. ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಟಾನಿಕ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮೂರು ಬೇರೆ ಹೆಸರಿನ ಪಟ್ಟಿಗಳಲ್ಲಿ ಒಂದೇ ವಿಟಮಿನ್ ಡಿ ಇರುವುದು ಆಗ ವೈದ್ಯರ ಕಣ್ಣಿಗೆ ಬೀಳುತ್ತದೆ. ಎರಡು ಮೂರು ದಿನ ಏನೇನು ಉಂಡಿರಿ ಎಂಬುದನ್ನೂ ಮಗಳ ಕೈಲೋ ಸೊಸೆಯ ಕೈಲೋ ಬರೆಸಿಕೊಂಡು ಹೋಗಿ, ಮೊಸರು ಎಷ್ಟು, ಹಾಲು ಎಷ್ಟು ಎಂಬುದು ಅದರಲ್ಲಿರಲಿ.